ಏಳು ತಿಂಗಳಾಯಿತು, ಬೇರೆಯವರ ರಕ್ತ ಬೇಡದೆ

ಕಳೆದ ವಾರದ ಪರೀಕ್ಷೆಯಲ್ಲಿ ನನ್ನ ಪ್ಲೇಟ್‌ಲೆಟ್ ಎಣಿಕೆ, ಅಂದರೆ ರಕ್ತ ಹೆಪ್ಪುಗಟ್ಟಿಸುವ ಕಣಗಳ ಲೆಕ್ಕ, 82,000 ಬಂದಿದೆ. ಆರೋಗ್ಯವಂತರಲ್ಲಿ ಅದು ಒಂದೂವರೆ ಲಕ್ಷಕ್ಕೆ ಮೇಲಿರುತ್ತದೆ. ಆದರೆ ಒಂದೂವರೆ ವರ್ಷದ ಹಿಂದೆ, ಮೂಳೆಯೊಳಗಿನ ಮಜ್ಜೆ ಸಾಕಷ್ಟು ರಕ್ತಕಣ ಹುಟ್ಟಿಸದ ಏಪ್ಲಾಸ್ಟಿಕ್ ಅನೀಮಿಯಾ ಎಂಬ ಕಾಯಿಲೆ ಹಿಡಿದಾಗ, ನನ್ನದು 9,000 ಇತ್ತು. ಹಲ್ಲುಜ್ಜಿದರೆ ಒಸಡಿನಲ್ಲಿ ರಕ್ತ, ಕಾಲ ತುಂಬ ಸಾಸಿವೆ ಕಾಳಿನಂಥ ಕೆಂಪು ಚುಕ್ಕೆಗಳು. ಕೊನೆಯ ಸಲ ರಕ್ತ ಏರಿಸಿಕೊಂಡು ಈಗ ಏಳು ತಿಂಗಳು. ಋಣವನ್ನು ಹೇಳಿಕೊಳ್ಳಲು ಇಷ್ಟು ತಡಮಾಡಿದ್ದೇ ಹೆಚ್ಚಾಯಿತು.

ಮೊದಲ ನಮಸ್ಕಾರ ನನ್ನ ವೈದ್ಯೆಗೆ. ಅವರ ಬಳಿ ಹೋಗುವ ಮುಂಚೆ ಎರಡು ತಿಂಗಳು ಕಬ್ಬಿಣಾಂಶದ ಮಾತ್ರೆ ನುಂಗಿದ್ದೆ. 'ರಕ್ತಹೀನತೆ' ಎಂಬ ಪದವೇ ದಾರಿ ತಪ್ಪಿಸುತ್ತದೆ. ಏಪ್ಲಾಸ್ಟಿಕ್ ಅನೀಮಿಯಾದಲ್ಲಿ ಕೊರತೆ ಕಬ್ಬಿಣದ್ದಲ್ಲ. ಅವರು ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಪರೀಕ್ಷಿಸಿದರು, ಆಮೇಲೆ ಹಾಳೆಯ ಮೇಲೆ ಚಿತ್ರ ಬರೆದು ವಿವರಿಸಿದರು. ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಮೂರೂ ಹುಟ್ಟುವುದು ಮಜ್ಜೆಯ ಆಕರಕೋಶಗಳಿಂದ. ದೇಹವನ್ನು ಕಾಯಬೇಕಾದ ಟಿ ಕೋಶಗಳೇ ಅವುಗಳ ಮೇಲೆ ಬಿದ್ದಿವೆ, ಖಾಲಿಯಾದ ಜಾಗದಲ್ಲಿ ಕೊಬ್ಬು ತುಂಬಿದೆ. ಕ್ಯಾನ್ಸರ್ ಅಲ್ಲ. ಯಾಕೆ ಬಂತು ಎಂದು ಕೇಳಿದೆ. "ಹೆಚ್ಚಿನವರಲ್ಲಿ ಕಾರಣ ಸಿಗುವುದಿಲ್ಲ. ನೀವು ಮಾಡಿದ ತಪ್ಪೇನೂ ಇಲ್ಲ" ಎಂದರು. ಎರಡನೆಯ ಮಾತನ್ನು ನಾನು ಕೇಳಿರಲಿಲ್ಲ, ಅವರಾಗಿಯೇ ಹೇಳಿದರು.

ನನ್ನ ತಮ್ಮನಿಗೆ ಎದುರಿಗೆ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ. ಮಜ್ಜೆಯ ಕಸಿಗೆ ಒಡಹುಟ್ಟಿದವರ ಮಜ್ಜೆ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದಲಿಲ್ಲ. "ಅಕ್ಕಾ, ನನ್ನಿಂದಾಗಲಿಲ್ಲ" ಎಂದು ತಲೆ ತಗ್ಗಿಸಿ ಕುಳಿತೆಯಲ್ಲ, ಪರೀಕ್ಷೆಯಲ್ಲಿ ನಪಾಸಾದ ಹುಡುಗನ ಹಾಗೆ! ಕಸಿಯ ಸಾಧ್ಯತೆ ಇರುವಾಗ ಹತ್ತಿರದ ಬಂಧುಗಳ ರಕ್ತ ಕೊಡಿಸುವುದಿಲ್ಲವಾದ್ದರಿಂದ ಅದುವರೆಗೆ ನಿನ್ನ ರಕ್ತವನ್ನೂ ಬೇಡವೆಂದಿದ್ದರು. ಮರುದಿನದಿಂದ ನೀನು ದಾನಿಗಳನ್ನು ಹುಡುಕಿಕೊಂಡು ಓಡಾಡಿದ್ದನ್ನು ನಾನು ಹಾಸಿಗೆಯಿಂದಲೇ ಲೆಕ್ಕವಿಟ್ಟಿದ್ದೇನೆ.

ಆಮೇಲಿನ ಉಪಕಾರ ಒಂದು ಕುದುರೆಯದು. ನಗಬೇಡಿ. ಟಿ ಕೋಶಗಳನ್ನು ಅಡಗಿಸಲು ನನಗೆ ಕೊಟ್ಟ ಎಟಿಜಿ ಎಂಬ ಔಷಧವನ್ನು ಕುದುರೆಯ ರಕ್ತದಿಂದಲೇ ತಯಾರಿಸುತ್ತಾರೆ. ನಾಲ್ಕು ದಿನ ಗಂಟೆಗಟ್ಟಲೆ ಹನಿಹನಿಯಾಗಿ ಇಳಿಯಿತು. ಮೈ ಗಡಗಡ ನಡುಗಿತು. ಹತ್ತನೆಯ ದಿನಕ್ಕೆ ಕೀಲುಗಳಲ್ಲಿ ನೋವು, ಮೈಯೆಲ್ಲ ದದ್ದು. ಜೊತೆಗೆ ಟಿ ಕೋಶಗಳನ್ನು ಅಡಗಿಸಿಯೇ ಇಡಲು ಸೈಕ್ಲೋಸ್ಪೋರಿನ್, ಮಜ್ಜೆಯನ್ನು ಹುರಿದುಂಬಿಸಲು ಎಲ್ಟ್ರೋಂಬೋಪ್ಯಾಗ್ ಮಾತ್ರೆಗಳು. ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕೆಂದರು.

ಆ ಕಾಯುವಿಕೆಯನ್ನು ನನಗೆ ಸಾಧ್ಯ ಮಾಡಿದವರು 31 ಮಂದಿ ರಕ್ತದಾನಿಗಳು. ಹೆಸರು ಗೊತ್ತಿಲ್ಲ, ಚೀಲದ ಮೇಲೆ ಇರುವುದು ಸಂಖ್ಯೆ ಮತ್ತು ರಕ್ತದ ಗುಂಪು ಮಾತ್ರ. ಕೆಂಪು ಕಣಗಳನ್ನು ಶೀತಲ ಪೆಟ್ಟಿಗೆಯಲ್ಲಿ ವಾರಗಟ್ಟಲೆ ಇಡಬಹುದು. ಪ್ಲೇಟ್‌ಲೆಟ್ ಹಾಗಲ್ಲ, ಕೋಣೆಯ ಉಷ್ಣತೆಯಲ್ಲಿ ಸದಾ ತೂಗುತ್ತಿರಬೇಕು, ಆದರೂ ಸಾಮಾನ್ಯವಾಗಿ ಐದು ದಿನಕ್ಕೆ ಅವಧಿ ಮುಗಿಯುತ್ತದೆ. ಕೂಡಿಡಲಾಗದ ವಸ್ತು ಅದು. ನನಗೆ ಬೇಕಾದ ವಾರದಲ್ಲೇ ಯಾರೋ ಒಬ್ಬರು ಯಂತ್ರದ ಪಕ್ಕದಲ್ಲಿ ತೋಳು ಚಾಚಿ ಗಂಟೆಗೂ ಮಿಕ್ಕಿ ಕುಳಿತಿರಲೇಬೇಕಿತ್ತು. ಕುಳಿತಿದ್ದರು, ಪ್ರತಿ ಸಲವೂ. ನನ್ನ ಮೈಯಲ್ಲಿ ಅದು ಮೂರು ದಿನವೂ ಬಾಳುತ್ತಿರಲಿಲ್ಲ ಎಂಬುದು ಅವರಿಗೆ ತಿಳಿಯದಿದ್ದರೆ ಒಳ್ಳೆಯದು.

ಸೋಂಕನ್ನು ಎದುರಿಸುವ ಬಿಳಿ ಕಣಗಳು ನೆಲ ಕಚ್ಚಿದ್ದಾಗ ಒಂದು ರಾತ್ರಿ ಜ್ವರ 38.3 ಡಿಗ್ರಿ ಸೆಲ್ಸಿಯಸ್‌ಗೆ ಏರಿತು. ಬೆಳಗಾಗಲಿ ಎಂದೆ. ಪಾಳಿಯಲ್ಲಿದ್ದ ದಾದಿ ಕೇಳಲಿಲ್ಲ, ವೈದ್ಯರನ್ನು ಎಬ್ಬಿಸಿ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಹಚ್ಚಿಸಿದರು. ನಾನು ಅವರ ಮೇಲೆ ರೇಗಿದ್ದೆ. ಕ್ಷಮಿಸಿ, ಅಕ್ಕ.

ಕಾಯಿಲೆ ಮರಳಬಹುದು, ಹಾಗಾಗಿ ಸೈಕ್ಲೋಸ್ಪೋರಿನ್ ಇನ್ನೂ ಇದೆ. ಬಹಳ ನಿಧಾನವಾಗಿ ಇಳಿಸುತ್ತಿದ್ದಾರೆ. ಅದರ ಕೊಡುಗೆಯಾಗಿ ಒಸಡು ಊದಿದೆ, ಕೆನ್ನೆಯಲ್ಲಿ ಕೂದಲು ಬಂದಿದೆ, ಕೈ ನಡುಗುತ್ತದೆ. ಇದನ್ನು ಬರೆಯುವಾಗ ಒತ್ತಕ್ಷರಗಳೆಲ್ಲ ಅಡ್ಡಾದಿಡ್ಡಿಯಾದವು. ಮಗಳು ತಿದ್ದಿ ಕೊಟ್ಟಿದ್ದಾಳೆ, ಅವಳಿಗೂ ಒಂದು ನಮಸ್ಕಾರ.