ಮೊಪೆಡ್‌ನಲ್ಲಿ ಬಂದ ಯಜಮಾನರಿಗೆ

ಮೇ ತಿಂಗಳ ಸುಡು ಬಿಸಿಲು. ದೊಡ್ಡಬಳ್ಳಾಪುರದ ಹತ್ತಿರ ನಮ್ಮ ಸೀಬೆ ತೋಟದಲ್ಲಿ ಮಚ್ಚು ಹಿಡಿದು ಕೊಂಬೆ ಸವರುತ್ತಿದ್ದೆ. ತೋಳುಗಾತ್ರದ ಕೊಂಬೆಯೊಂದು ಕಾಂಡದ ತೊಗಟೆಯನ್ನು ಗೇಣುದ್ದ ಸೀಳಿಕೊಂಡೇ ಬಿತ್ತು. ಅಪ್ಪ ನೆಟ್ಟ ಗಿಡ, ಕೈ ನಡುಗಿತು.

ದಾರಿಯಲ್ಲಿ ಹೋಗುತ್ತಿದ್ದ ನೀವು ಮೊಪೆಡ್ ನಿಲ್ಲಿಸಿ ಬೇಲಿ ದಾಟಿ ಬಂದಿರಿ. ಬೈಯಲಿಲ್ಲ. ಚೀಲದಿಂದ ಸಣ್ಣ ಗರಗಸ ತೆಗೆದು ಹೆಗಲ ಟವೆಲ್ಲಿನಲ್ಲಿ ಒರೆಸಿ, "ದಪ್ಪ ಕೊಂಬೆಗೆ ಮೊದಲು ಅಡಿಯಿಂದ ಒಂದಿಷ್ಟು ಕುಯ್ಯಪ್ಪ, ಆಮೇಲೆ ಮೇಲಿಂದ. ಆಗ ಸಿಗಿಯಲ್ಲ" ಅಂದಿರಿ. ಸೀಳಿದ ಅಂಚನ್ನು ಚಾಕುವಿನಲ್ಲಿ ನಯವಾಗಿ ಕೆತ್ತಿ, ನಾನು ಕಲಸಿಟ್ಟಿದ್ದ ಮೈಲುತುತ್ತ-ಸುಣ್ಣದ ಬೋರ್ಡೋ ಪೇಸ್ಟನ್ನು ತೆಂಗಿನ ನಾರಿನಿಂದ ಬಳಿದಿರಿ. ದುಡ್ಡು ಮುಟ್ಟಲಿಲ್ಲ, ಒಂದು ಚೊಂಬು ಮಜ್ಜಿಗೆ ಕುಡಿದು ಹೊರಟಿರಿ. ಹೆಸರು ಕೇಳೋದನ್ನೇ ಮರೆತೆ, ನನ್ನ ಬುದ್ಧಿಗಿಷ್ಟು!

ಗಾಯದ ಕೆಳಗೆ ಈಗ ಚಿಗುರೊಡೆದಿದೆ, ಅದರಲ್ಲೇ ಎರಡು ಮೊಗ್ಗು. ನಿಮ್ಮ ಟವೆಲ್ ಬೇಲಿ ಮೇಲೇ ಉಳಿದಿತ್ತು, ಒಗೆದಿಟ್ಟಿದ್ದೀನಿ ಯಜಮಾನ್ರೇ.