ಸಿಗ್ನಲ್ ಕೊಡಲು ಹೆದರುವ ತಂಗಿಗೆ

ಶಹಾಬಾದ್
ಭಾನುವಾರ

ಚಿ. ತಂಗಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪತ್ರ ಮುಟ್ಟಿತು. ಮನೆಯ ಸುದ್ದಿಗೆಲ್ಲ ನಿಮ್ಮಪ್ಪನಿಗೆ ಫೋನಿನಲ್ಲೇ ಉತ್ತರ ಹೇಳಿದ್ದೇನೆ, ಮತ್ತೆ ಬರೆಯುವುದಿಲ್ಲ. ಸ್ಟೇಷನ್ ಮಾಸ್ಟರ್ ಹುದ್ದೆಗೆ ಅರ್ಜಿ ಹಾಕುತ್ತೀ ಅಂತ ಅವನೂ ಹೇಳಿದ. ಮೂಲ ಸಂಬಳವೇ 35,400 ಅಂತ ಎರಡು ಸಲ ಹೇಳಿದ, ಅವನ ಸ್ವಭಾವ ನಿನಗೆ ಗೊತ್ತೇ ಇದೆ. ನಿನ್ನ ಅವ್ವನಿಗೆ ರಾತ್ರಿ ಪಾಳಿಯ ಚಿಂತೆ. ಆದರೆ ನಿನ್ನ ಚಿಂತೆ ಬೇರೆ. ಸಹಿಯ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿದ್ದೀಯಲ್ಲ, "ನಾನು ಒಂದು ಬಟನ್ ತಪ್ಪಾಗಿ ಒತ್ತಿದರೆ ಎಷ್ಟು ಜನ ಸಾಯಬಹುದು ದೊಡ್ಡಪ್ಪ?" ಆ ಸಾಲು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ಊಟಕ್ಕೆ ಕೂತರೂ ಅದೇ, ಮಲಗಿದರೂ ಅದೇ.

ಮೊದಲು ಸುಲಭದ ಉತ್ತರ ಹೇಳಿಬಿಡುತ್ತೇನೆ. ಒಂದು ಬಟನ್ ಒತ್ತಿದರೆ ಯಾರೂ ಸಾಯುವುದಿಲ್ಲ, ಯಾಕೆಂದರೆ ಏನೂ ಆಗುವುದಿಲ್ಲ. ಪ್ಯಾನೆಲ್ ಅಂದರೆ ಸ್ಟೇಷನ್ನಿನ ಸಿಗ್ನಲ್ ಬಟನ್‌ಗಳಿರುವ ಹಲಗೆ, ಅದರ ಮೇಲೆ ಎರಡು ಬಟನ್ ಒಟ್ಟಿಗೆ ಒತ್ತಬೇಕು. ಒಂದು ಸಿಗ್ನಲ್‌ದು, ಇನ್ನೊಂದು ಗಾಡಿ ಹೋಗಬೇಕಾದ ದಾರಿಯದು. ಒತ್ತಿದರೂ ಸಿಗ್ನಲ್ ಬಂದೇಬಿಡುತ್ತದೆ ಅಂತಿಲ್ಲ. ಆ ದಾರಿಯ ಪಾಯಿಂಟುಗಳು, ಅಂದರೆ ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜೋಡಣೆಗಳು, ಸರಿಯಾಗಿ ಕೂತು ಲಾಕ್ ಆಗಿರಬೇಕು. ಆ ಲೈನಿನಲ್ಲಿ ಬೇರೆ ಗಾಡಿ ನಿಂತಿರಬಾರದು. ಅಡ್ಡ ಬರುವ ಇನ್ನೊಂದು ಸಿಗ್ನಲ್ ಕೊಟ್ಟಿರಬಾರದು. ಇದರಲ್ಲಿ ಒಂದು ತಪ್ಪಿದರೂ ಸಿಗ್ನಲ್ ಕೆಂಪಾಗಿಯೇ ಇರುತ್ತದೆ. ನೀನು ಬೆರಳು ಸವೆಯುವವರೆಗೆ ಒತ್ತಿದರೂ ಅದು ಒಪ್ಪುವುದಿಲ್ಲ. ಇದನ್ನೇ ಇಂಟರ್‌ಲಾಕಿಂಗ್ ಅನ್ನುವುದು. ಕೊಟ್ಟ ಸಿಗ್ನಲ್ ವಾಪಸ್ ತೆಗೆದು ದಾರಿ ಬದಲಿಸಬೇಕೆಂದರೂ ತಕ್ಷಣ ಬಿಡುವುದಿಲ್ಲ, 120 ಸೆಕೆಂಡ್ ಕಾಯಿಸುತ್ತದೆ. ನಿನ್ನ ಹಾಗೆ ಹೆದರುವವರು ಹಿಂದೆಯೂ ಇದ್ದರು. ಅವರೇ ಕೂತು ಇದನ್ನೆಲ್ಲ ಮಾಡಿಟ್ಟು ಹೋಗಿದ್ದಾರೆ.

ನಾನು ಸೇರಿದಾಗ ಪ್ಯಾನೆಲ್ ನೋಡಿರಲಿಲ್ಲ. ನನಗೆ ಸಿಕ್ಕಿದ್ದು ಲಿವರ್ ಕ್ಯಾಬಿನ್. ಎದೆ ಮಟ್ಟದ ಕಬ್ಬಿಣದ ಲಿವರುಗಳು ಸಾಲಾಗಿ ನಿಂತಿರುತ್ತಿದ್ದವು. ಕೆಂಪು ಬಣ್ಣದ್ದು ಸಿಗ್ನಲ್, ಕಪ್ಪು ಪಾಯಿಂಟ್, ನೀಲಿ ಲಾಕ್. ಹಿಡಿಯುವ ಜಾಗದಲ್ಲಿ ಕಬ್ಬಿಣ ಕನ್ನಡಿಯಂತೆ ಹೊಳೆಯುತ್ತಿತ್ತು. ಬೆವರಿನ ಕೈ ತಾಗಿ ತುಕ್ಕು ಹಿಡಿಯಬಾರದೆಂದು ಬಟ್ಟೆ ಹಿಡಿದೇ ಎಳೆಯಬೇಕಿತ್ತು. ಪಾಯಿಂಟ್ ಹಾಕದೆ ಸಿಗ್ನಲ್ ಲಿವರ್ ಎಳೆಯಲು ಹೋದರೆ ಅದು ಅಲುಗಾಡುತ್ತಿರಲಿಲ್ಲ. ಎರಡು ಕಾಲು ಊರಿ, ಮೈಭಾರ ಎಲ್ಲಾ ಹಾಕಿ ಜಗ್ಗಿದರೂ ಗೋಡೆ ಎಳೆದಂತೆ. ಲಿವರಿನಿಂದ ಸಿಗ್ನಲ್‌ಗೆ ಹೋಗುವ ತಂತಿ ಹರಿದುಹೋದರೂ ಸಿಗ್ನಲ್‌ನ ಕೈ ತಾನೇ ಅಡ್ಡ ಆಗಿ ಕೆಂಪಿಗೆ ನಿಲ್ಲುತ್ತಿತ್ತು. ಕೆಟ್ಟರೆ ಗಾಡಿ ನಿಲ್ಲಬೇಕು, ಹೋಗಬಾರದು, ಹಾಗೆ ಕಟ್ಟಿದ್ದರು. ಈಗ ಬಣ್ಣದ ದೀಪ ಬಂದಿವೆ, ಕೆಲವು ಕಡೆ ಕಂಪ್ಯೂಟರ್ ಪರದೆ, ಮೌಸ್ ಬಂದಿವೆ. ಒಳಗಿನ ಲೆಕ್ಕ ಅದೇ.

ಇಷ್ಟು ಹೇಳಿ ಪತ್ರ ಮುಗಿಸಬಹುದಿತ್ತು. ಆದರೆ ನೀನು ಜಾಣೆ, ಇಷ್ಟಕ್ಕೆ ಒಪ್ಪುವುದಿಲ್ಲ. "ಹಾಗಾದರೆ ಒಡಿಶಾದ ಬಹನಗಾ ಬಜಾರ್‌ನಲ್ಲಿ ಆ ಅಪಘಾತ ಹೇಗಾಯಿತು?" ಅಂತ ಕೇಳುತ್ತೀ. ನಿನ್ನ ಹೆದರಿಕೆ ಅಲ್ಲಿಂದಲೇ ಶುರುವಾಗಿದೆ ಅಂತ ನನ್ನ ಅನುಮಾನ. 2023ರ ಜೂನ್ 2ರ ಆ ಸಂಜೆ ನಾನೂ ಟೀವಿ ಮುಂದೆ ಕೂತಿದ್ದೆ. ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮುಖ್ಯ ಲೈನಿನ ಹಸಿರು ಸಿಗ್ನಲ್ ಇತ್ತು, ಪಾಯಿಂಟ್ ಮಾತ್ರ ಪಕ್ಕದ ಲೂಪ್ ಲೈನಿಗೆ ತಿರುಗಿತ್ತು. ಲೂಪ್‌ನಲ್ಲಿ ನಿಂತಿದ್ದ ಗೂಡ್ಸ್‌ಗೆ ಹೋಗಿ ಬಡಿಯಿತು. ಉರುಳಿದ ಬೋಗಿಗಳು ನಮ್ಮ ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದ ಗಾಡಿಗೂ ತಾಗಿದವು. 290ಕ್ಕೂ ಹೆಚ್ಚು ಜನ ಹೋದರು. ಯಾರೋ ಒಬ್ಬರು ಬಟನ್ ತಪ್ಪು ಒತ್ತಿ ಆದದ್ದಲ್ಲ ಅದು. ರೈಲ್ವೆ ಸುರಕ್ಷತಾ ಆಯುಕ್ತರ ವರದಿ ಹೇಳಿದ್ದು, ಸಿಗ್ನಲ್ ಕೆಲಸ ಮಾಡುವಾಗ ವೈರುಗಳನ್ನು ತಪ್ಪಾಗಿ ಜೋಡಿಸಿದ್ದರು ಅಂತ. ಹಾಗಾಗಿ ಪಾಯಿಂಟ್ ಒಂದು ಕಡೆ ಇದ್ದರೂ ಪ್ಯಾನೆಲ್‌ಗೆ ಇನ್ನೊಂದು ಕಡೆ ತೋರಿಸಿತು.

ಅದೇ ವರದಿಯಲ್ಲಿ ಇನ್ನೊಂದು ಮಾತೂ ಇತ್ತು. ನನಗೆ ನಾಟಿದ್ದು ಅದು. ಅಲ್ಲಿನ ಪಾಯಿಂಟುಗಳು ಮತ್ತೆ ಮತ್ತೆ ವಿಚಿತ್ರವಾಗಿ ವರ್ತಿಸಿದ್ದನ್ನು ನಿಲ್ದಾಣದವರು ಸಿಗ್ನಲ್ ವಿಭಾಗಕ್ಕೆ ತಿಳಿಸಿದ್ದರೆ, ಅವರು ಸರಿಪಡಿಸಬಹುದಿತ್ತು ಅಂತ. ನೋಡು ಯವ್ವಾ, ಹೆದರುವುದಾದರೆ ಇದಕ್ಕೆ ಹೆದರು. ಏನೋ ಸರಿ ಇಲ್ಲ ಅನ್ನಿಸಿಯೂ "ಹೋಗಲಿ ಬಿಡು, ಈಗ ಬಂತಲ್ಲ" ಅಂದುಕೊಳ್ಳುತ್ತೇವಲ್ಲ, ಅದಕ್ಕೆ. ದೀಪ ಒಂದು ಸಲ ಮಿನುಗಿ ಸರಿಯಾದರೂ ಪುಸ್ತಕದಲ್ಲಿ ಬರೆ. ಸಿಗ್ನಲ್‌ನವರು ಬಂದು "ಏನೂ ಇಲ್ಲವಲ್ಲ ಮೇಡಂ" ಅಂತ ನಕ್ಕರೆ ನಗಲಿ.

ಇನ್ನು ಇಂಟರ್‌ವ್ಯೂ. ಈ ಭಯದ ಬಗ್ಗೆ ಅಲ್ಲಿ ಕೇಳಿದರೆ ಏನು ಹೇಳಲಿ ಅಂದಿದ್ದೀ. ಇಂಟರ್‌ವ್ಯೂ ಈಗ ಇಲ್ಲವೇ ಇಲ್ಲ. ಈ ದರ್ಜೆಯ ಕೇಂದ್ರ ಸರ್ಕಾರಿ ಹುದ್ದೆಗಳಿಗೆ 2016ರಿಂದ ಅದನ್ನು ತೆಗೆದಿದ್ದಾರೆ. ಹಾಗಾಗಿ "ಇಂಟರ್‌ವ್ಯೂನಲ್ಲಿ ಮಾಡಿಸಿಕೊಡುತ್ತೇನೆ" ಅಂತ ಯಾರಾದರೂ ದುಡ್ಡಿನ ಮಾತೆತ್ತಿದರೆ ಅಲ್ಲಿಂದ ಎದ್ದು ಬಾ, ನಿಮ್ಮಪ್ಪನಿಗೂ ಹೇಳಿಡು. ಎರಡು ಹಂತದ ಪರೀಕ್ಷೆ ವಿಷಯ ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಅದಾದ ಮೇಲೆ ಕಂಪ್ಯೂಟರಿನಲ್ಲಿ ಆಪ್ಟಿಟ್ಯೂಡ್ ಟೆಸ್ಟ್ ಇದೆ. ಅದರ ಪ್ರತಿ ಭಾಗದಲ್ಲೂ ಕನಿಷ್ಠ 42 ಟಿ-ಸ್ಕೋರ್ ಬರಲೇಬೇಕು, ಯಾವ ಕೆಟಗರಿಗೂ ರಿಯಾಯಿತಿ ಇಲ್ಲ. ತಪ್ಪಿಗೆ ಅಂಕ ಕಳೆಯುವುದಿಲ್ಲ. ಮೊದಲಿನ ಪರೀಕ್ಷೆಗಳನ್ನು ಕನ್ನಡದಲ್ಲಿ ಬರೆಯಬಹುದು, ಆದರೆ ಇದು ಹಿಂದಿ, ಇಂಗ್ಲಿಷಿನಲ್ಲಿ ಮಾತ್ರ. ನಮ್ಮ ಕಡೆಯ ಹುಡುಗರು ಎಡವುವುದು ಇಲ್ಲೇ. ಒಂದು ಪ್ರಶ್ನೆಯಲ್ಲಿ ತಡವರಿಸಿದರೆ ಅಲ್ಲೇ ಕೂತು ಕೊರಗಬೇಡ. ನೀನು ಕೊರಗುವವಳು ಅಂತ ಪತ್ರ ನೋಡಿದರೇ ಗೊತ್ತಾಗುತ್ತದೆ.

ನಮ್ಮ ಕಾಲದಲ್ಲಿ ಬಾಯಿ ಪರೀಕ್ಷೆ ಇತ್ತು. ಕ್ಯಾಬಿನ್‌ನಿಂದ ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರ್ ಆಗಲು ಇಲಾಖೆಯ ಪರೀಕ್ಷೆ ಬರೆದು ಅಲ್ಲಿಗೆ ಹೋಗಿದ್ದೆ. ಮೂವರು ಕೂತಿದ್ದರು. ನಿಯಮದ ಪುಸ್ತಕ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ, ಅದರಲ್ಲಿ ಏನೂ ಕೇಳಲಿಲ್ಲ. ನಡುವಿನವರು ಕೇಳಿದ್ದು ಒಂದೇ, "ಅನುಮಾನ ಬಂದರೆ ಏನು ಮಾಡುತ್ತೀ?" "ಗಾಡಿ ನಿಲ್ಲಿಸುತ್ತೇನೆ ಸಾಹೇಬ್ರೇ" ಅಂದೆ. "ತಡವಾದರೆ ನಾನೇ ಬೈಯುತ್ತೇನಲ್ಲ?" "ಬೈಸಿಕೊಳ್ಳುತ್ತೇನೆ" ಅಂದೆ. ಅವರು ನಗಲಿಲ್ಲ, ಮುಂದಿನವನನ್ನು ಕರೆಯಿರಿ ಅಂದರು. ಕೆಲಸ ಸಿಕ್ಕಿತು. ಆ ಪ್ರಶ್ನೆಯನ್ನು ಈಗ ಯಾರೂ ಕೇಳದಿರುವುದು ನನಗೇನೋ ನಷ್ಟ ಅನ್ನಿಸುತ್ತದೆ.

ಬೈಸಿಕೊಳ್ಳುತ್ತೇನೆ ಅನ್ನುವುದು ಸುಲಭ. ಒಂದು ಮಳೆಗಾಲದ ರಾತ್ರಿ ಪಾಯಿಂಟ್ ಕೂರಲೇ ಇಲ್ಲ. ಪ್ಯಾನೆಲ್ ಮೇಲೆ ಅದರ ದೀಪ ಹೊಡೆದುಕೊಳ್ಳುತ್ತಿದೆ. ಹೊರಗೆ, ಸ್ಟೇಷನ್ ಒಳಗೆ ಬಿಡುವ ಹೋಮ್ ಸಿಗ್ನಲ್ ಹತ್ತಿರ ಎಕ್ಸ್‌ಪ್ರೆಸ್ ನಿಂತು ಸೀಟಿ ಹೊಡೆಯುತ್ತಿದೆ. ಕಂಟ್ರೋಲ್ ಫೋನಿನಲ್ಲಿ ಒಬ್ಬರು ಬಾಯಿಗೆ ಬಂದಂತೆ ಅನ್ನುತ್ತಿದ್ದಾರೆ. ಇಂಥ ಹೊತ್ತಿನಲ್ಲೇ ಇಂಟರ್‌ಲಾಕಿಂಗ್ ಕೈಬಿಡುವುದು. ಪಾಯಿಂಟನ್ನು ಕ್ರ್ಯಾಂಕ್ ಹ್ಯಾಂಡಲ್‌ನಿಂದ ಕೈಯಲ್ಲೇ ತಿರುಗಿಸಿ, ಕ್ಲ್ಯಾಂಪ್ ಬಿಗಿದು, ಬೀಗ ಹಾಕಬೇಕು. ಆಮೇಲೆ ಡ್ರೈವರ್‌ಗೆ ಕಾಗದದ ಮೇಲೆ ಅಧಿಕಾರ ಬರೆದು ಕೊಡಬೇಕು. ಆ ಕಾಗದದಲ್ಲಿ ಇರುವುದು ನಿನ್ನ ಸಹಿ ಒಂದೇ, ತಡೆಯಲು ಲಿವರೂ ಇಲ್ಲ, ಬಟನೂ ಇಲ್ಲ. ಪಾಯಿಂಟ್ಸ್‌ಮನ್ ಬ್ಯಾಟರಿ ಹಿಡಿದು ಮಳೆಯಲ್ಲಿ ಹೋಗಿದ್ದ. ಫೋನಿನವರು "ಅವನು ಇಷ್ಟೊತ್ತಿಗೆ ಹಾಕಿರುತ್ತಾನೆ, ಬರೆದು ಕೊಡಯ್ಯ" ಅಂದರು. ನಾನು ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಅವನು ಬಂದ, ಮೈಯೆಲ್ಲ ನೀರು. ಬೀಗದ ಕೈ ತಂದು ರಿಜಿಸ್ಟರ್ ಮೇಲಿಟ್ಟ. "ಹಾಕೀನ್ರಿ, ಜಗ್ಗಿ ನೋಡೀನ್ರಿ" ಅಂದ. ಆ ಪುಟದ ಮೇಲೆ ನೀರಿನ ಕಲೆ ಉಳಿಯಿತು. ಆಮೇಲೆ ಬರೆದೆ. ತಡವಾದದ್ದಕ್ಕೆ ವಿವರಣೆ ಕೇಳಿದರು, ಕೊಟ್ಟೆ.

ನಿನ್ನ ಪ್ರಶ್ನೆಗೆ ಉತ್ತರ ಇರುವುದು ಆ ಬೀಗದ ಕೈಯಲ್ಲಿ ಅನ್ನಿಸುತ್ತದೆ ನನಗೆ. ಯಂತ್ರ ಸರಿಯಾಗಿರುವಾಗ ನಿನ್ನ ಭಯಕ್ಕೆ ಅಲ್ಲಿ ಕೆಲಸವಿಲ್ಲ, ಅದು ತಾನೇ ಕಾಯುತ್ತದೆ. ಕೆಟ್ಟಾಗ ಮಾತ್ರ ಭಯ ಬೇಕು, ಮತ್ತು ಆಗ ಕೈ ನಿಧಾನ ಆಗಬೇಕು. ಪಕ್ಕದ ಸ್ಟೇಷನ್‌ನಿಂದ ಲೈನ್ ಕ್ಲಿಯರ್, ಅಂದರೆ ಗಾಡಿ ಕಳಿಸಲು ಒಪ್ಪಿಗೆ, ತೆಗೆದುಕೊಳ್ಳುವಾಗ, ಗೇಟ್‌ಮನ್ ಗೇಟು ಮುಚ್ಚಿದೆ ಅನ್ನುವಾಗ, ಬರೀ "ಹೂಂ" ನಡೆಯುವುದಿಲ್ಲ, ಹಾಳೆಯಲ್ಲಿ ಮೊದಲೇ ಅಚ್ಚಾಗಿರುವ ಗುಟ್ಟಿನ ನಂಬರ್, ಪ್ರೈವೇಟ್ ನಂಬರ್ ಅಂತಾರೆ, ಅದನ್ನು ಕೊಡಬೇಕು. ಒಂದು ನಂಬರ್ ಕೊಟ್ಟರೆ ಹಾಳೆಯಲ್ಲಿ ಅದನ್ನು ಹೊಡೆದುಹಾಕಬೇಕು. ಆ ಹಾಳೆ ಇರುವುದೇ ನಂಬಿಕೆಯ ಮೇಲೆ ಗಾಡಿ ಬಿಡಬಾರದು ಅಂತ.

ನಾನು ಅಳುಕುವುದು ಬೇರೆ ವಿಷಯಕ್ಕೆ. ಆ ಭಯವನ್ನು ನಾನು ಮನೆಗೆ ತರುತ್ತಿದ್ದೆ. ರಾತ್ರಿ ಪಾಳಿ ಮುಗಿಸಿ ಬಂದರೆ ಬಾಯಿ ಬಿಡುತ್ತಿರಲಿಲ್ಲ. ರಜೆಯಲ್ಲೂ ಗಾಡಿಯ ಸದ್ದಾದರೆ ಎದ್ದು ಕೂರುತ್ತಿದ್ದೆ, ಯಾವ ಲೈನಿನಲ್ಲಿ ಹೋಯಿತು ಅಂತ ಕಿವಿಗೊಡುತ್ತಿದ್ದೆ. ನಿನ್ನ ದೊಡ್ಡವ್ವ ಬಿಸಿ ರೊಟ್ಟಿ ಹಾಕಿ ಎದುರಿಗೆ ಕೂತಿರುತ್ತಿದ್ದಳು. ತನ್ನ ಮೇಲೆ ಸಿಟ್ಟು ಅಂತ ತಿಳಿದಿದ್ದಳು ಪಾಪ. ಅವಳು ಹೋಗುವವರೆಗೂ ಹೀಗೆ ಅಂತ ಹೇಳಲಿಲ್ಲ. ಹೇಳಿದರೆ ಏನಾಗುತ್ತಿತ್ತು? ನಕ್ಕು ಸುಮ್ಮನಾಗುತ್ತಿದ್ದಳು, ಅಷ್ಟೇ. ನೀನು ಸೇರುವ ಮೊದಲೇ ಹೇಳಿಕೊಂಡಿದ್ದೀ. ಅದು ನೋಡಿ ನನಗೆ ಹೊಟ್ಟೆಕಿಚ್ಚು ಆಯಿತು ಅಂದರೂ ತಪ್ಪಿಲ್ಲ. ಕೆಲಸ ಸಿಕ್ಕ ಮೇಲೂ ಹೇಳುತ್ತಿರು. ನನಗೆ ಬೇಡದಿದ್ದರೆ ನಿನ್ನ ಅವ್ವನಿಗೆ ಹೇಳು, ಅವಳಿಗೆ ರಾತ್ರಿ ಪಾಳಿ ಬಿಟ್ಟು ಬೇರೆ ಚಿಂತೆಯೂ ಸಿಕ್ಕಂತಾಗುತ್ತದೆ.

ಕಣ್ಣಿನ ವಿಷಯ ಮೊದಲೇ ಬರೆಯಬೇಕಿತ್ತು. ನೀನು ಕನ್ನಡಕ ಹಾಕುತ್ತೀಯೋ ಇಲ್ಲವೋ ನನಗೆ ನೆನಪಾಗಲಿಲ್ಲ. ಸ್ಟೇಷನ್ ಮಾಸ್ಟರ್‌ಗೆ ಎ-2 ಮೆಡಿಕಲ್. ಕನ್ನಡಕ ಇಲ್ಲದೆ ಎರಡೂ ಕಣ್ಣು 6/9 ಇರಬೇಕು, ಬಣ್ಣ ಗುರುತಿಸುವುದು, ರಾತ್ರಿ ನೋಟ ಎಲ್ಲಾ ಪಾಸಾಗಬೇಕು. ಲೇಸರ್ ಆಪರೇಷನ್ ಮಾಡಿಸಿದರೆ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿಯಾರು, ಕೇಳಬೇಡ, ಈ ಹುದ್ದೆಗೆ ಅದು ನಡೆಯುವುದಿಲ್ಲ. ಓದು ಶುರು ಮಾಡುವ ಮೊದಲು ಕಲಬುರಗಿಗೆ ಹೋಗಿ ತೋರಿಸಿಬಿಡು. ಕಣ್ಣು ಕೈಕೊಟ್ಟರೆ ಅದೇ ಅರ್ಜಿಯಲ್ಲಿ ಬೇರೆ ಹುದ್ದೆಗಳೂ ಇರುತ್ತವೆ, ಅಳುವಂಥದ್ದೇನಿಲ್ಲ.

ಇನ್ನೊಂದು, 371ಜೆ ಸರ್ಟಿಫಿಕೇಟ್ ತೆಗೆದಿಟ್ಟಿದ್ದೀನಿ ಅಂದಿದ್ದೀ. ಅದು ನಮ್ಮ ಕಲ್ಯಾಣ ಕರ್ನಾಟಕದವರಿಗೆ ರಾಜ್ಯದ ನೌಕರಿಯಲ್ಲಿರುವ ಮೀಸಲಾತಿಗೆ, ರೈಲ್ವೆಯಲ್ಲಿ ಅದನ್ನು ಕೇಳುವುದಿಲ್ಲ. ಜಾತಿ ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲೇ ಇರಬೇಕು, ತಹಶೀಲ್ದಾರ್ ಕಚೇರಿಯಲ್ಲಿ ಹಾಗಂತ ಹೇಳಿ ಕೇಳು. ಎಸ್ಸೆಸ್ಸೆಲ್ಸಿ ಕಾರ್ಡಿನ ಹೆಸರೂ ಆಧಾರಿನ ಹೆಸರೂ ಒಂದೇ ಇದೆಯಾ ನೋಡಿಕೋ, ನಮ್ಮ ಮನೆತನದ ಅಡ್ಡಹೆಸರಿನ ಗೊಂದಲ ನಿನಗೆ ಹೊಸದಲ್ಲ. ಅರ್ಜಿ ಒಂದೇ ರೈಲ್ವೆ ನೇಮಕಾತಿ ಬೋರ್ಡಿಗೆ, ಎರಡು ಕಡೆ ಹಾಕಿದರೆ ಎರಡೂ ಹೋಗುತ್ತವೆ. ನಮ್ಮ ಕಲಬುರಗಿ ಸೋಲಾಪುರ ವಿಭಾಗ, ಬೀದರ್ ಸಿಕಂದರಾಬಾದ್ ವಿಭಾಗ, ಹೀಗೆ ಹರಿದು ಹಂಚಿಹೋಗಿದ್ದೇವೆ. ಹತ್ತಿರದ ಊರು ಸಿಗಲಿ ಅಂತ ಬೋರ್ಡ್ ಆರಿಸುವ ಮೊದಲು ಯಾವ ಬೋರ್ಡಿನಲ್ಲಿ ಎಷ್ಟು ಹುದ್ದೆ ಇವೆ ನೋಡು. ಆದರೂ ಇದರಲ್ಲಿ ನನ್ನ ಮಾತು ಪೂರ್ತಿ ನಂಬಬೇಡ, ನಾನು ಹಳಬ. ನೋಟಿಫಿಕೇಶನ್ ನೀನೇ ಕೂತು ಓದು.

ವಾಡಿ ಜಂಕ್ಷನ್ನಿನಲ್ಲಿ ನನ್ನ ಜೊತೆ ಇದ್ದವರ ಮಗ ಈಗ ಡ್ಯೂಟಿಯಲ್ಲಿದ್ದಾನೆ. ಪ್ಯಾನೆಲ್ ಕೋಣೆಗೆ ಹೊರಗಿನವರನ್ನು ಬಿಡುವುದಿಲ್ಲ, ಬಿಡಲೂಬಾರದು. ಆದರೆ ಪಾಳಿ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಕೂತು ನಿನ್ನ ಪ್ರಶ್ನೆಗಳಿಗೆ ಉತ್ತರ ಹೇಳು ಅಂದರೆ ಹೇಳುತ್ತಾನೆ. ಮುಂದಿನ ವಾರ ಬರುವುದಾದರೆ ಬುಧವಾರ ಬಿಟ್ಟು ಬಾ, ಬುಧವಾರ ನನಗೆ ಹಲ್ಲಿನ ಡಾಕ್ಟರ್ ಹತ್ತಿರ ಹೋಗುವುದಿದೆ. ಬರುವಾಗ ನಿಮ್ಮ ಹೊಲದ ತೊಗರಿ ಬೇಳೆ ಇದ್ದರೆ ಒಂದೆರಡು ಸೇರು ತಾ.

ಇಂತಿ ನಿನ್ನ
ದೊಡ್ಡಪ್ಪ