ಗೆಳೆಯನಿಗೊಂದು ಪತ್ರ: ಕಾಕಾ ಅವರ ಖಾಕಿ ಬಟ್ಟೆ

ದೋಸ್ತ,

ಜೈಸಲ್ಮೇರ್‌ನಲ್ಲಿದ್ದೇನೆ. ಕೋಟೆಯ ಕೆಳಗೆ ಒಂದು ಸಣ್ಣ ಲಾಡ್ಜು. ಕಿಟಕಿಯಿಂದ ಇಣುಕಿದರೆ ಫಿಯೆಟ್ ಕಾರು ಕಾಣುತ್ತದೆ. ಮೈತುಂಬ ಧೂಳು. ಅದರ ಕೆನೆ ಬಣ್ಣ ಈಗ ಇಲ್ಲಿನ ಹಳದಿ ಕಲ್ಲಿನ ಬಣ್ಣಕ್ಕೇ ತಿರುಗಿದೆ. ನಿನ್ನೆ ರಾತ್ರಿಯಿಂದ ಮೂರು ಸಲ ಫೋನ್ ಮಾಡಲು ನಿನ್ನ ನಂಬರ್ ತೆಗೆದೆ, ಮೂರು ಸಲವೂ ಸುಮ್ನೆ ಇಟ್ಟುಬಿಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣುವ ಹಾಗೆ ಯಾಕೆ ಬರೆದೆ ಅಂತ ಮುಂದೆ ನಿನಗೇ ತಿಳಿಯುತ್ತೆ.

ಧಾರವಾಡದಿಂದ ಜೋಧಪುರಕ್ಕೆ ಐದು ದಿನ ಹಿಡಿಯಿತು. ಅರವತ್ತರ ಮೇಲೆ ಓಡಿಸಲೇ ಇಲ್ಲ. ಈ ಫಿಯೆಟ್ 1984ರ ಪದ್ಮಿನಿ, 1089 ಸಿಸಿ ಎಂಜಿನ್ನು, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಅವಸರ ಮಾಡಿದರೆ ಅದಕ್ಕೂ ಬೇಜಾರು, ನನಗೂ ಬೇಜಾರು. ಮುಂಬೈ ಹೊರಗೆ ಒಂದು ಪೆಟ್ರೋಲ್ ಬಂಕಿನಲ್ಲಿ ವಯಸ್ಸಾದವರೊಬ್ಬರು ಹತ್ತಿರ ಬಂದು ಬಾನೆಟ್ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಮೂವತ್ತು ವರ್ಷ ಪದ್ಮಿನಿ ಟ್ಯಾಕ್ಸಿ ಓಡಿಸಿದವರಂತೆ. 2023ರ ಅಕ್ಟೋಬರ್‌ನಲ್ಲಿ ಅಲ್ಲಿ ಆ ಟ್ಯಾಕ್ಸಿಗಳ ಕಾಲ ಮುಗಿಯಿತಲ್ಲ. ಕುರ್ಲಾದ ಕಾರ್ಖಾನೆಯಲ್ಲಿ ತಯಾರಾದ ಗಾಡಿ ಕರ್ನಾಟಕದ ನಂಬರ್ ಹಾಕಿಕೊಂಡು ತವರಿನ ಮುಂದೆಯೇ ಹೋಗುತ್ತಿದೆ ಅಂತ ಅವರಿಗೆ ಖುಷಿ. ಟೀ ಕುಡಿಸಿದರು, ದುಡ್ಡು ಕೊಡಲು ಬಿಡಲಿಲ್ಲ.

ಜೋಧಪುರ ದಾಟಿದ ಮೇಲೆ ಮರುಭೂಮಿ. ಅದು ನಾವು ಅಂದುಕೊಂಡ ಹಾಗಿಲ್ಲ ಕಣೋ. ಮರಳಿನ ದಿಬ್ಬ ಕಡಿಮೆ. ಜಾಸ್ತಿ ಇರೋದು ಕಲ್ಲು, ಕುರುಚಲು ಗಿಡ, ಆಡು, ಮತ್ತೆ ಜನ. ಎಲ್ಲೂ ಏನೂ ಇಲ್ಲ ಅನ್ನಿಸಿದಾಗ ತಲೆ ಮೇಲೆ ಎರಡು ಕೊಡ ಇಟ್ಟುಕೊಂಡು ಒಬ್ಬಳು ನಡೆದು ಬರುತ್ತಾಳೆ. ನಡುನಡುವೆ ಒಂದೊಂದು ಒಂಟಿ ಮರ. ಇಲ್ಲಿಯವರು ಖೇಜಡಿ ಅನ್ನುತ್ತಾರೆ. ಹತ್ತಿರ ಹೋಗಿ ಎಲೆ ಹಿಡಿದು ನೋಡಿದರೆ ನಮ್ಮ ಬನ್ನಿ! ಅದೇ ಸಣ್ಣ ಎಲೆ, ಅದೇ ಮುಳ್ಳು. ನಾವು ದಸರೆಗೆ ಎಲೆ ಹಂಚುತ್ತೇವೆ, ಇವರು ಎಲೆಯನ್ನು ಆಡಿಗೆ ಹಾಕಿ, ಕಾಯಿ ಒಣಗಿಸಿ ಪಲ್ಯ ಮಾಡುತ್ತಾರೆ. ಸಾಂಗ್ರಿ ಅಂತ ಅದರ ಹೆಸರು. ಪೋಖರಣ್ ಹತ್ತಿರದ ಢಾಬಾದಲ್ಲಿ ಸಜ್ಜೆ ರೊಟ್ಟಿ ಜೊತೆ ಕೊಟ್ಟರು. ಸಜ್ಜೆ ರೊಟ್ಟಿಗೆ ಬನ್ನಿಕಾಯಿ ಪಲ್ಯ, ಯೋಚನೆ ಮಾಡು.

ಜೋಧಪುರದ ಹತ್ತಿರ ಖೇಜಡ್ಲಿ ಅಂತ ಒಂದು ಊರಿದೆ. 1730ರಲ್ಲಿ ಅರಮನೆಯ ಕೆಲಸಕ್ಕೆ ಈ ಮರಗಳನ್ನು ಕಡಿಯಲು ಬಂದಾಗ ಅಮೃತಾ ದೇವಿ ಮೊದಲು ಮರ ತಬ್ಬಿ ನಿಂತರು. ಮರ, ಪ್ರಾಣಿ ಕಾಯುವುದನ್ನು ಧರ್ಮ ಅನ್ನುವ ಬಿಷ್ಣೋಯಿ ಪಂಥದ ಒಟ್ಟು 363 ಜನ ಪ್ರಾಣ ಕೊಟ್ಟರು. ಅಲ್ಲಿ ಒಂದು ಗಂಟೆ ಕೂತಿದ್ದೆ. ಆಗಲೇ ಮನಸ್ಸಿಗೆ ಏನೋ ಚುಚ್ಚಿತ್ತು, ಏನು ಅಂತ ಗೊತ್ತಾಗಿರಲಿಲ್ಲ.

ಗೊತ್ತಾಗಿದ್ದು ನಿನ್ನೆ.

ಪಾಕಿಸ್ತಾನದ ಗಡಿ ಹತ್ತಿರದ ತನೋಟ್ ಮಾತೆಯ ಗುಡಿಗೆ ಹೊರಟಿದ್ದೆ, ಇಲ್ಲಿಂದ ಸುಮಾರು 120 ಕಿಲೋಮೀಟರ್. ಗದಗಿನ ಗುಡ್ಡದ ಮೇಲಿರುವಂಥ ಗಾಳಿಯಂತ್ರಗಳು ಸಾಲುಸಾಲಾಗಿ ಹಿಂದೆ ಹೋದವು. ರಾಮಗಢ ಇನ್ನೂ ದೂರ ಇರುವಾಗ ಗಾಡಿ ಎರಡು ಸಲ ಮುಗ್ಗರಿಸಿ ನಿಂತಿತು. ಮಧ್ಯಾಹ್ನ ಒಂದೂವರೆ. ಫೋನಿಗೆ ಸಿಗ್ನಲ್ ಇಲ್ಲ. ಬಾನೆಟ್ ಎತ್ತಿದರೆ ಮುಖಕ್ಕೆ ಝಳ ಹೊಡೆಯಿತು. ವೇಪರ್ ಲಾಕ್. ನಿಮ್ಮಪ್ಪ, ನನ್ನ ಪಾಲಿನ ಕಾಕಾ, ನಮ್ಮಿಬ್ಬರಿಗೂ ಹೇಳಿಕೊಟ್ಟಿದ್ದು ನೆನಪಿದೆಯಾ? ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತೆ, ಅದು ಕಾದರೆ ಒಳಗಿನ ಪೆಟ್ರೋಲು ಆವಿಯಾಗುತ್ತೆ, ಆವಿಯನ್ನು ಪಂಪು ತಳ್ಳಲಾರದು. ಒದ್ದೆ ಬಟ್ಟೆ ಸುತ್ತಿ ತಣ್ಣಗಾಗಲು ಬಿಡಬೇಕು, ಅಷ್ಟೇ.

ನೀರಿತ್ತು. ಬಟ್ಟೆ ಇರಲಿಲ್ಲ. ಡಿಕ್ಕಿಯ ಮೂಲೆಯಲ್ಲಿ ಕಾಕಾ ಅವರ ಹಳೇ ಟೂಲ್ಸ್ ಗಂಟು ಇತ್ತು, ಖಾಕಿ ಬಟ್ಟೆಯಲ್ಲಿ ಸುತ್ತಿ ಸುತಳಿ ಕಟ್ಟಿದ್ದು. ನನ್ನ ಬಳಿ ಬೇರೆ ಪಾನಾ ಸೆಟ್ ಇದ್ದದ್ದರಿಂದ ಇಷ್ಟು ವರ್ಷ ಅದನ್ನು ಬಿಚ್ಚಿಯೇ ಇರಲಿಲ್ಲ. ಬಿಚ್ಚಿದೆ. ಪಾನಾಗಳ ನಡುವೆ ಸುರುಳಿ ಸುತ್ತಿದ ಒಂದು ನೂರು ಪುಟದ ನೋಟ್‌ಬುಕ್. ಅಂಚಿಗೆಲ್ಲ ಗ್ರೀಸು. ಕಾಕಾ ಅವರ ದುಂಡು ಅಕ್ಷರ.

ಬಟ್ಟೆ ನೆನೆಸಿ ಪಂಪಿಗೆ ಸುತ್ತಿ, ರಸ್ತೆ ಪಕ್ಕದ ಖೇಜಡಿ ನೆರಳಿನಲ್ಲಿ ಕೂತು ಓದಿದೆ. ತಾರೀಖು, ಮೀಟರ್ ರೀಡಿಂಗ್, ಎಷ್ಟು ಲೀಟರ್. ಪುಟಪುಟವೂ ಅದೇ. ಕೊನೆಯ ಕಡೆ 2012ರ ಆಗಸ್ಟ್‌ನದು ಒಂದು: ‘ಹುಬ್ಬಳ್ಳಿಯಲ್ಲಿ ಸವೆದ ಸಿಲಿಂಡರ್ ಕೊರೆಸಿ ಎಂಜಿನ್ ಬೋರ್ ಮಾಡಿಸಿದ್ದು. ಪಿಸ್ಟನ್ ಹೊಸವು. ನಾನು ಮಗ ಹೋಗಿ ತಂದೆವು. ಸಾವಿರ ಕಿಲೋಮೀಟರ್ ತನಕ 40 ದಾಟಬಾರದು. ಮಗನಿಗೂ ಹೇಳಿದ್ದೇನೆ.’

ಅದನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ.

ಮರು ವರ್ಷ ಕಾಕಾ ತೀರಿಕೊಂಡರು. ಆಸ್ಪತ್ರೆ ಸಾಲಕ್ಕೆ ನೀನು ಗಾಡಿ ಮಾರಬೇಕಾಯಿತು. ‘ಹೊರಗಿನವರಿಗೆ ಕೊಡೋದಕಿಂತ ನಿನಗ ಕೊಟ್ರ ಮನ್ಯಾಗ ಇದ್ದಂಗ’ ಅಂದಿದ್ದೆ. ನಾನು ಮೆಕ್ಯಾನಿಕ್‌ಗೆ ತೋರಿಸಿಕೊಂಡು ಬಂದು, ಎಂಜಿನ್ ಹೋಗಿದೆ, ಬೋರ್ ಮಾಡಿಸಬೇಕಂತೆ, ಇಪ್ಪತ್ತು ಸಾವಿರ ಕಮ್ಮಿ ಮಾಡು ಅಂದೆ. ಮೆಕ್ಯಾನಿಕ್ ಹಾಗೆ ಹೇಳಿರಲಿಲ್ಲ ದೋಸ್ತ. ಎಂಜಿನ್ ಮುತ್ತಿನಂತಿದೆ, ಕಣ್ಣು ಮುಚ್ಚಿ ತಗೊಳ್ಳಿ ಅಂದಿದ್ದರು. ನನ್ನ ಹತ್ತಿರ ಆಗ ದುಡ್ಡು ಕಮ್ಮಿ ಇತ್ತು, ಗಾಡಿ ಮೇಲೆ ಆಸೆ ಜಾಸ್ತಿ ಇತ್ತು. ಅದಕ್ಕೆ ಸುಳ್ಳು ಹೇಳಿದೆ. ನಿನ್ನ ಮನೆ ಕಟ್ಟೆ ಮೇಲೆ ಕೂತು, ಕಾಕು ಕೊಟ್ಟ ಅವಲಕ್ಕಿ ತಿನ್ನುತ್ತ ಹೇಳಿದೆ.

ನೀನು ಸ್ವಲ್ಪ ಹೊತ್ತು ನನ್ನ ಮುಖ ನೋಡಿ ‘ಹೂಂ, ಆತು’ ಅಂದೆ. ಅಷ್ಟೇ. ನಿನಗೆ ಗೊತ್ತಿರಲಿಲ್ಲ ಅಂತಲೇ ಇಷ್ಟು ವರ್ಷ ಅಂದುಕೊಂಡಿದ್ದೆ. ಆ ಎಂಜಿನ್ನನ್ನು ಹುಬ್ಬಳ್ಳಿಯಿಂದ ನಲವತ್ತರ ಮೇಲೆ ಹೋಗದೆ ತಂದವರಲ್ಲಿ ನೀನೂ ಒಬ್ಬ. ಎಲ್ಲ ಗೊತ್ತಿದ್ದೂ ‘ಆತು’ ಅಂದೆ. ಆ ವರ್ಷದ ದಸರೆಯಲ್ಲಿ ಎಲ್ಲರಿಗಿಂತ ಮೊದಲು ನನ್ನ ಮನೆಗೆ ಬಂದು ಬನ್ನಿ ಕೊಟ್ಟು ‘ಬಂಗಾರದಂಗ ಇರೋಣು’ ಅಂತ ಅಪ್ಪಿಕೊಂಡೆ. ನಾನು ಕೈಚಾಚಿ ತಗೊಂಡೆ.

ನಿನ್ನೆ ಆ ಮರದ ಕೆಳಗೆ ಅತ್ತೆ. ಆಡು ಮೇಯಿಸುವ ಮುದುಕರೊಬ್ಬರು ‘ರಾಮ್ ರಾಮ್ ಸಾ’ ಅಂತ ಬಂದು ಪಕ್ಕದಲ್ಲಿ ಕೂತರು. ಗಾಡಿ ಕೆಟ್ಟಿದ್ದಕ್ಕೆ ಅಳುತ್ತಿದ್ದಾನೆ ಅಂದುಕೊಂಡರೋ ಏನೋ, ಏನೂ ಕೇಳದೆ ಬೀಡಿ ಮುಂದೆ ಚಾಚಿದರು. ಮುಕ್ಕಾಲು ಗಂಟೆ ಆದ ಮೇಲೆ ಸೆಲ್ಫ್ ಹೊಡೆದರೆ ಎರಡನೇ ಸಲಕ್ಕೇ ಗಾಡಿ ಚಾಲೂ ಆಯಿತು. ಮುತ್ತಿನಂಥ ಎಂಜಿನ್ನೇ ಅದು.

ತನೋಟ್ ತಲುಪಿದೆ. 1965ರ ಯುದ್ಧದಲ್ಲಿ ಬಿದ್ದೂ ಸಿಡಿಯಲಿಲ್ಲ ಅನ್ನುವ ಬಾಂಬುಗಳನ್ನು ಗುಡಿಯಲ್ಲಿ ಇಟ್ಟಿದ್ದಾರೆ, ಗಡಿ ಕಾಯುವ ಬಿಎಸ್ಎಫ್‌ನವರೇ ಪೂಜೆ ನೋಡಿಕೊಳ್ಳುತ್ತಾರೆ. ಜನ ಹರಕೆ ಹೊತ್ತು ಕರವಸ್ತ್ರ ಕಟ್ಟುತ್ತಾರೆ. ಸಾಲುಗಟ್ಟಲೆ ಬಣ್ಣಬಣ್ಣದ ಬಟ್ಟೆ. ನನ್ನ ಜೇಬಿನಲ್ಲಿ ಕಾಕಾ ಅವರ ಖಾಕಿ ಬಟ್ಟೆ ಇತ್ತು, ಇನ್ನೂ ಪೂರ್ತಿ ಒಣಗಿರಲಿಲ್ಲ. ಕಟ್ಟಲಿಲ್ಲ. ಅದು ನಿನ್ನದು, ನೋಟ್‌ಬುಕ್ಕೂ ನಿನ್ನದು.

ಒಂದು ವಾರದಿಂದ ಹಾಕಿದ ಫೋಟೋಗಳಿಗೆಲ್ಲ ಜನ ಬಂದು ಎಂಥ ಗಾಡಿ, ಎಷ್ಟು ಚೆನ್ನಾಗಿ ಇಟ್ಟಿದ್ದೀರಿ ಅಂತ ಹೊಗಳುತ್ತಿದ್ದಾರೆ. ಚೆನ್ನಾಗಿ ಇಟ್ಟವರು ಯಾರು ಅಂತ ಅವರಿಗೂ ಗೊತ್ತಾಗಲಿ ಅಂತ ಇಲ್ಲೇ ಬರೆದೆ. ಇಷ್ಟೆಲ್ಲ ಬರೆಯುವ ಯೋಚನೆ ಇರಲಿಲ್ಲ. ಇಪ್ಪತ್ತು ಸಾವಿರದ ಮಾತು ಇಲ್ಲಿ ಬೇಡ, ಎದುರಿಗೆ ಕೂತು ಆಡೋಣ.

ನಾಳೆ ವಾಪಸ್ ಹೊರಡುತ್ತೇನೆ. ಕಾಕುಗೆ ಅರ್ಧ ಕಿಲೋ ಸಾಂಗ್ರಿ ತಗೊಂಡಿದ್ದೇನೆ, ರಾತ್ರಿಯೇ ನೆನೆಹಾಕಬೇಕಂತೆ, ಹೇಳಿಡು. ಮನೆ ಮುಂದೆ ಬಂದು ಕಾಕಾ ಹೊಡೆಯುತ್ತಿದ್ದ ಹಾಗೇ ಹಾರ್ನ್ ಹೊಡೆಯುತ್ತೇನೆ, ಎರಡು ಸಣ್ಣದು, ಒಂದು ಉದ್ದ. ಕೆಳಗೆ ಬಾ. ಇಬ್ಬರೂ ಸೇರಿ ನುಗ್ಗಿಕೇರಿ ತನಕ ಹೋಗಿಬರೋಣ, ನೀನೇ ಓಡಿಸು. ನಮ್ಮಿಬ್ಬರಿಗೇ ಗೊತ್ತಿರುವ ಆ ಸವದತ್ತಿ ಕುಂಬಳಕಾಯಿ ಸುದ್ದಿ ಮಾತ್ರ ಕಾಕು ಮುಂದೆ ತೆಗೀಬೇಡ ಮಾರಾಯ.

ನಿನ್ನ ದೋಸ್ತ